ಮೈಕಿನಿಂದ ಹಿಂದೆ ಸರಿದವನು

ಬ್ಯಾಡಗಿ ಸ್ಟೇಶನ್

ಅಮೆರಿಕಕ್ಕೆ ಹೋಗಿ ಬಂದವನೆಂದರೆ ನಮ್ಮ ಕಡೆಯ ಜನ ಎರಡು ಮಾತು ಕೇಳುತ್ತಾರೆ. ಅಲ್ಲಿ ಏನು ತಿಂದಿ? ಅಲ್ಲಿಂದ ಏನು ತಂದಿ? ಮೂರನೆಯ ಮಾತು ಕೇಳಿದವಳು ನನ್ನ ತಾಯಿ ಒಬ್ಬಳೇ. ಅವಳಿಗೆ ನಾನು ಇವತ್ತಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅದು ಗಂಟಲಲ್ಲಿ ಮೆಣಸಿನಕಾಯಿ ಧೂಳಿನ ಹಾಗೆ ಕೂತುಬಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹೆಸರು ಫಕ್ಕೀರಪ್ಪ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ. ಚೀಲ ಹೊರುವಾಗ ಬಿಟ್ಟರೆ ಬೇರೆ ಯಾವಾಗಲೂ ಯಾರ ಮುಂದೆಯೂ ಬಗ್ಗಿದವನಲ್ಲ. ಮೆಣಸಿನಕಾಯಿ ಆವಕ ಕಡಿಮೆಯಾದ ದಿನಗಳಲ್ಲಿ ಗೀಗೀ ಪದದ ಮೇಳದಲ್ಲಿ ಹಾಡುತ್ತಿದ್ದೆ. ಮೇಳ ನನ್ನ ಸೋದರಮಾವ ನಿಂಗಪ್ಪನದು. ಅವನ ಕೈಯಲ್ಲಿ ಚರ್ಮ ಬಿಗಿದ ದಪ್ಪು, ನನ್ನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಕರ್ಜಗಿಯ ಹನುಮಂತನ ಕೈಯಲ್ಲಿ ತಾಳ. ಮಾವ ಮುಂದೆ ನಿಂತು ಪದ ಹೇಳುವುದು. ನಾವಿಬ್ಬರು ಅವನ ಬೆನ್ನ ಹಿಂದೆ ನಿಂತು ‘ಗೀಯ ಗಾ ಗೀಯ ಗಾ’ ಎಂದು ದನಿ ಎಳೆಯುವುದು. ಮೀಸೆ ಮೂಡುವ ಮೊದಲೇ ಅವನ ಹಿಂದೆ ನಿಂತಿದ್ದೆ. ಮೀಸೆ ಹಣ್ಣಾಗುತ್ತ ಬಂದರೂ ಅಲ್ಲೇ ನಿಂತಿದ್ದೆ.

ಗೀಗೀ ಪದ ಬರೀ ಹಾಡಲ್ಲ, ಹಾಡಿನಲ್ಲಿ ಮಾಡುವ ಜಗಳ. ಎದುರು ಮೇಳದವರು ಸವಾಲು ಹಾಕುತ್ತಾರೆ, ನಾವು ಜವಾಬು ಕೊಡಬೇಕು. ಜವಾಬು ಸಿಗದೆ ಮುಂದಿನ ಜಾಗ ಬಿಟ್ಟು ಹಿಂದೆ ಸರಿದವನು ಸೋತ ಹಾಗೆ. ಸೋತವನ ಕೈಯಿಂದ ದಪ್ಪು ಕಸಿದು ‘ಹೌದಲ್ಲೊ’ ಎಂದು ಕೂಗಿ ಜನರಿಗೆ ಎತ್ತಿ ತೋರಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಓದುವವರು ಇದೊಂದನ್ನು ಮರೆಯಬಾರದು. ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು.

ಎಂಬತ್ತರ ದಶಕದ ನಡುವಿನ ಮಾತು. ರಾಣೇಬೆನ್ನೂರಿನಲ್ಲಿ ಒಮ್ಮೆ ಹಾಡಿದಾಗ ಯಾರೋ ಅಧಿಕಾರಿಗಳು ಟೇಪು ಮಾಡಿಕೊಂಡು ಹೋದರು. ಆಮೇಲೆ ದಿಲ್ಲಿಯಿಂದ ಕರೆ ಬಂತು. ಅಮೆರಿಕದ ಗುಡ್ಡಗಾಡಿನ ಒಂದು ಊರಿನಲ್ಲಿ ಜನಪದ ಹಾಡುಗಾರರ ಉತ್ಸವ ನಡೆಯುತ್ತದೆ, ಅಲ್ಲಿಗೆ ಬರಬೇಕು ಎಂದು.

ಹೊರಡುವ ದಿನ ಸ್ಟೇಶನ್ನಿಗೆ ಹಮಾಲರೆಲ್ಲ ಬಂದಿದ್ದರು. ನನ್ನ ತಾಯಿ ಗಂಗವ್ವ ಎಲ್ಲರೆದುರು ತಮ್ಮನ ಕೈ ಹಿಡಿದಳು.

“ನಿಂಗಾ, ಇಂವ ತಾನs ಒಂದು ಪದಾ ಕಟ್ಯಾನ. ಅಲ್ಲ್ಯಾರ ಒಂದು ಸಲ ಮುಂದ ನಿಂದ್ರಸೋ.”

“ನಿಂದ್ರಸ್ತೀನಿ ಬಿಡಬೇ ಅಕ್ಕಾ,” ಎಂದ ಮಾವ, ಹಾರ ಸರಿಮಾಡಿಕೊಳ್ಳುತ್ತ. “ಅಮೇರಿಕಾದಾಗ ಇಂವಂದs ಒಂದು ಪದಾ. ನಾ ಹಿಂದ ನಿಂತು ಗೀಯ ಗಾ ಅಂತೀನಿ. ಸಾಕಿಲ್ಲೋ?”

ಹಮಾಲರು ಕೇಕೆ ಹಾಕಿದರು. ನನ್ನ ಕಣ್ಣಿಗೆ ನೀರು ಬಂತು. ಧೂಳು ಎಂದು ಒರೆಸಿಕೊಂಡೆ.

ನಾನು ಕಟ್ಟಿದ ಪದ ಒಂದು ಸವಾಲು, ಎದುರು ಮೇಳದ ಶಾಹೀರನಿಗೆ, ಅಂದರೆ ಮುಂದೆ ನಿಂತು ಹಾಡುವವನಿಗೆ ಹಾಕುವುದು. ಅದರ ಮೊದಲ ನುಡಿ ಹೀಗೆ:

ಕೆಂಪಾನ ಸೀರಿ ಉಟ್ಟಾಳ, ಮೈತುಂಬ ಸುಕ್ಕ ಬಿದ್ದಾವ,
ಮುದುಕಿ ಅಲ್ಲ, ಹರೇದಾಕಿ ಹೌದೊ ಶಾಹೀರಾ
ಮುಟ್ಟಿದಾಂವ ಕಣ್ಣೀರ ಇಟ್ಟ, ತಿಂದಾಂವ ಮತ್ತ ಬೇಡಿದ,
ಯಾರ ಮಗಳು, ಯಾವೂರಾಕಿ ಹೇಳೊ ಶಾಹೀರಾ

ನಮ್ಮ ಊರಿನ ಮೆಣಸಿನಕಾಯಿ ಎಂದು ಬ್ಯಾಡಗಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಾಗುತ್ತದೆ. ಆದರೆ ಮುಂದೆ ಆರು ನುಡಿ ಕಟ್ಟಿದ್ದೆ. ಒಂದೊಂದು ನುಡಿಯಲ್ಲೂ ಉತ್ತರ ಸಿಕ್ಕಿತು ಅನ್ನಿಸಿ ಕೈ ಜಾರಬೇಕು, ಏಳನೆಯದರಲ್ಲಿ ನಾನೇ ಗಂಟು ಬಿಚ್ಚಬೇಕು. ಚೀಲ ಹೊರುತ್ತ ಹೊರುತ್ತ ಕಟ್ಟಿದ್ದು. ಅದು ನನ್ನದು.

ಸುಂಕದ ಕಟ್ಟೆ

ವಿಮಾನದ ಬಗ್ಗೆ ಬರೆಯುವುದಿಲ್ಲ. ಕೂತೆವು, ಕಾಲು ಬಾತವು, ಇಳಿದೆವು.

ಇಳಿದ ಮೇಲೆ ಸುಂಕದವನು ನಮ್ಮ ಗಂಟು ಬಿಚ್ಚಿಸಿದ. ರೊಟ್ಟಿ ಬಿಟ್ಟ, ಶೇಂಗಾ ಚಟ್ನಿ ಮೂಸಿ ಬಿಟ್ಟ. ಒಣಮೆಣಸಿನಕಾಯಿಯ ಗಂಟು ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಹನುಮಂತ ಸಮಾಧಾನ ಹೇಳಿದ: “ಅದೇನ ಖಾರ ಇಲ್ಲ ಬಿಡ್ರೀ ಸಾಹೇಬ್ರ, ಬಣ್ಣದ ಕಾಯಿ ಅದ.” ಸಾಹೇಬನಿಗೆ ಕನ್ನಡ ತಿಳಿಯಲಿಲ್ಲ, ಮೂಗಿಗೆ ಮಾತ್ರ ತಿಳಿಯಿತು. ಸೀನಿದ. ಮತ್ತೆ ಸೀನಿದ. ಆಮೇಲೆ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದ.

ನಗುವ ಮಾತೇ. ನಾನು ನಗಲಿಲ್ಲ. ಬೆನ್ನು ಬಗ್ಗಿಸಿ ಹೊತ್ತ ಮಾಲನ್ನು ಇನ್ನೊಬ್ಬ ಎರಡು ಬೆರಳಿನಲ್ಲಿ ಎಸೆದಾಗ ನೋಡುವವನಿಗೆ ಹೇಗಾಗುತ್ತದೆ ಎಂದು ಎಸೆಯುವವನಿಗೆ ತಿಳಿಯುವುದಿಲ್ಲ.

ನಮ್ಮನ್ನು ಕರೆದುಕೊಂಡು ಹೋಗಲು ಸುಲೋಚನಾ ಎನ್ನುವವರು ಬಂದಿದ್ದರು. ಮೈಸೂರು ಕಡೆಯ ಹೆಣ್ಣುಮಗಳು, ಅಲ್ಲಿನ ಕಾಲೇಜೊಂದರಲ್ಲಿ ಕೆಲಸ. ಅವರ ಕನ್ನಡ ನಮಗೆ, ನಮ್ಮ ಕನ್ನಡ ಅವರಿಗೆ ಅರ್ಧಕ್ಕರ್ಧ. ಆದರೂ ಆ ದೇಶದಲ್ಲಿ ನಮಗಿದ್ದ ನಾಲಿಗೆ ಅದೊಂದೇ.

ಗುಡ್ಡದ ಊರು

ಊರು ಚೆಂದ ಇತ್ತು ಎಂದು ಬರೆಯಬೇಕು, ಪ್ರವಾಸ ಹೋದವರೆಲ್ಲ ಹಾಗೇ ಬರೆಯುತ್ತಾರೆ. ನನಗೆ ಕಂಡದ್ದು ಮಂಜು. ನಮ್ಮನ್ನು ಇಳಿಸಿದ ಹೋಟೆಲ್ಲಿನಲ್ಲಿ ಹಾಸಿಗೆ ತಣ್ಣಗೆ, ಗೋಡೆ ತಣ್ಣಗೆ. ಬೆಳಿಗ್ಗೆ ಎದ್ದು ನೋಡಿದರೆ ಮಾವನ ದಪ್ಪಿನ ಚರ್ಮ ಸಡಿಲಾಗಿ ಹಸಿ ರೊಟ್ಟಿಯ ಹಾಗೆ ಬಿದ್ದಿತ್ತು. ಬಡಿದರೆ ‘ದಬ್’ ಎನ್ನುತ್ತದೆ, ಅಷ್ಟೇ.

ದಪ್ಪು ಸಡಿಲಾದರೆ ನಾವು ಏನು ಮಾಡುತ್ತೇವೆ? ರಂಗದ ಹಿಂದೆ ಕಸಕಡ್ಡಿ ಕೂಡಿಸಿ ಬೆಂಕಿ ಹಚ್ಚಿ ಕಾಯಿಸುತ್ತೇವೆ. ಮಾವ ಅದನ್ನೇ ಮಾಡಿದ. ಬಚ್ಚಲಿನಲ್ಲಿ ಬಿಳಿ ತೊಟ್ಟಿ ಇತ್ತು. ಅದರಲ್ಲಿ ಹಳೆಯ ಪೇಪರು ಸುರುಳಿ ಮಾಡಿ ಕಡ್ಡಿ ಗೀರಿದ. ಚರ್ಮ ಇನ್ನೇನು ಬಿಗಿಯಬೇಕು, ಛತ್ತಿನಲ್ಲಿ ಏನೋ ಕಿರುಚತೊಡಗಿತು. ಅದರ ಬೆನ್ನಿಗೆ ಇಡೀ ಕಟ್ಟಡವೇ ಕಿರುಚಿತು. ಜನ ಮಲಗಿದ್ದ ಬಟ್ಟೆಯಲ್ಲೇ ಹೊರಗೆ ಓಡಿದರು. ನಾವು ಮೂವರು ದಪ್ಪು, ತುಂತುಣಿ, ತಾಳ ಹಿಡಿದು ಮಂಜಿನಲ್ಲಿ ನಿಂತೆವು.

ಸುಲೋಚನಾ ಓಡಿ ಬಂದರು. “ಏನ್ ಮಾಡಿದ್ರಿ? ರೂಮ್ ಒಳಗೆ ಬೆಂಕಿ ಹಚ್ತಾರೇನ್ರೀ ಯಾರಾದ್ರೂ?”

“ಹೊರಗ ಭಾಳ ಥಂಡಿ ಐತಲ್ರೀ ಅಕ್ಕಾರ,” ಎಂದ ಹನುಮಂತ. “ಅದಕ್ಕs ಒಳಗ ಹಚ್ಚೀವಿ.”

ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಕಾಡುಜನ ಎಂದುಕೊಂಡಿರಬೇಕು. ಅವರಲ್ಲಿ ಒಬ್ಬ ಮುದುಕ ಮುಂದೆ ಬಂದ. ಉದ್ದ ಕಾಲು, ಒಣಕಲು ಮುಖ, ಹಾಸಿಗೆಯಿಂದ ಎದ್ದವನಾದರೂ ತಲೆಯ ಮೇಲೆ ಟೊಪ್ಪಿಗೆ. ದಪ್ಪನ್ನು ಮುಟ್ಟಿ ನೋಡಿದ, ಉಗುರಿನಿಂದ ತಟ್ಟಿದ. ನಮ್ಮನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಟೇಬಲ್ಲಿನ ದೀಪದ ಬಲ್ಬಿಗೆ ಮುಖ ಮಾಡಿ ಅವನ ವಾದ್ಯ ಒರಗಿ ನಿಂತಿತ್ತು. ಅವನದೂ ಚರ್ಮ. ಅವನೂ ಕಾಯಿಸುತ್ತಿದ್ದ.

ಆ ವಾದ್ಯ ಬ್ಯಾಂಜೊ. ನೋಡಿದರೆ ಮಾವನ ದಪ್ಪಿಗೆ ನನ್ನ ತುಂತುಣಿಯ ತಂತಿ ಕಟ್ಟಿದ ಹಾಗಿತ್ತು. ಮುಂದೆ ನಿಲ್ಲುವವನ ವಾದ್ಯ, ಹಿಂದೆ ನಿಲ್ಲುವವನ ವಾದ್ಯ, ಎರಡೂ ಒಂದೇ ಮೈಯಲ್ಲಿ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಮುದುಕ ತನ್ನ ಬ್ಯಾಂಜೊ ತೆಗೆದು ದೀಪದ ಮುಂದೆ ಮಾವನ ದಪ್ಪು ಇಟ್ಟ.

ಮುದುಕನ ಹೆಸರು ವರ್ಜಿಲ್. ನಾವು ವರ್ಜಿಲಜ್ಜ ಎಂದೆವು.

ಗಾಡಿ ನಿಲ್ಲಿಸುವ ಬಯಲು

ಊರ ತುಂಬ ಅಜ್ಜನ ಚಿತ್ರ ಅಂಟಿಸಿದ್ದರು. ಕೆಳಗೆ ಲೆಜೆಂಡ್ ಎಂದು ಬರೆದಿತ್ತು. ಸುಲೋಚನಾ ಬಿಡಿಸಿ ಹೇಳಿದರು: ಕಂಟ್ರಿ ಸಂಗೀತವೆಂದರೆ ಅಲ್ಲಿನ ಹಳ್ಳಿಗಾಡಿನ ಹಾಡು, ಈಗ ಅದು ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಕರೆಂಟಿನ ವಾದ್ಯ ಇಟ್ಟುಕೊಂಡು ದೊಡ್ಡ ಮನೆ ಕಟ್ಟಿಕೊಂಡಿದೆ. ಬ್ಲೂಗ್ರಾಸ್ ಅದರದೇ ರಕ್ತ, ಆದರೆ ಗುಡ್ಡ ಬಿಟ್ಟು ಇಳಿದಿಲ್ಲ. ಕರೆಂಟಿಲ್ಲ, ಬರೀ ತಂತಿ. ಅಂಥ ಬ್ಲೂಗ್ರಾಸಿನವನನ್ನು ದೊಡ್ಡ ಮನೆಯವರೂ ಲೆಜೆಂಡ್ ಎನ್ನಬೇಕಾದರೆ ಅವನು ಬಹಳ ದೊಡ್ಡವನೇ ಇರಬೇಕು.

“ಏನ ಮಾಡಿದ್ರ ಹಂಗಂತಾರ್ರೀ?” ಎಂದು ಕೇಳಿದೆ.

ನಗಬೇಡಿ. ನಮ್ಮ ಕಡೆ ಹಾಡುಗಾರ ದೊಡ್ಡವನು ಎನ್ನಲು ಸರಳ ಅಳತೆ ಇದೆ: ಎಷ್ಟು ದಪ್ಪು ಕಸಿದಾನ? ಇವರ ಅಳತೆ ಯಾವುದು ಎಂದು ತಿಳಿಯುವ ಆಸೆ.

ಅವರೂ ಪಾಪ ಸಿಕ್ಕಸಿಕ್ಕವರನ್ನು ಕೇಳಿ ನನಗೆ ಹೇಳಿದರು. ನಮ್ಮ ಗಾಡಿಯ ಡ್ರೈವರ್ ಹೇಳಿದ: ಅಜ್ಜನ ಬೆರಳಿನ ವೇಗ ಇನ್ನೊಬ್ಬನಿಗಿಲ್ಲ. ಚಹಾ ಕೊಡುವ ಹೆಂಗಸು ಹೇಳಿದಳು: ನಮ್ಮಪ್ಪ ಗಣಿಯಲ್ಲಿ ಸತ್ತ ದಿನ ರೇಡಿಯೋದಲ್ಲಿ ಅವನೇ ಬಾರಿಸುತ್ತಿದ್ದ. ಕ್ಯಾಸೆಟ್ ಮಾರುವ ಗಡ್ಡದವನು ಮಾತ್ರ ಯೋಚಿಸಿ ಹೇಳಿದ: ಈ ಸಾಲಿನಲ್ಲಿರುವ ಕ್ಯಾಸೆಟ್ ನೋಡು, ಇವರೆಲ್ಲ ಬೇರೆ ಬೇರೆ ಬ್ಯಾಂಡಿನ ಯಜಮಾನರು, ಎಲ್ಲರೂ ಒಂದೊಂದು ಕಾಲದಲ್ಲಿ ವರ್ಜಿಲನ ಬೆನ್ನ ಹಿಂದೆ ನಿಂತವರು.

ಆ ಮಾತು ನನಗೆ ಚುಚ್ಚಿತು. ಮಾವನ ಬೆನ್ನ ಹಿಂದೆ ನಿಂತವರನ್ನು ಮನಸ್ಸಿನಲ್ಲೇ ನೆನೆಸಿಕೊಂಡೆ. ಒಬ್ಬ ಹಾವೇರಿಯಲ್ಲಿ ಪಾನ್ ಅಂಗಡಿ ಇಟ್ಟ. ಒಬ್ಬ ಕುಡಿದು ಹಾಳಾದ. ಒಬ್ಬನಿಗೆ ದನಿಯೇ ಹೋಯಿತು. ಯಜಮಾನನಾದವನು ಒಬ್ಬನೂ ಇಲ್ಲ.

ಅಲ್ಲಿನ ಜನರ ಒಂದು ರೂಢಿ ನೋಡಿದೆ. ಕೂರುವ ಕುರ್ಚಿಯನ್ನು ಮನೆಯಿಂದ ತರುತ್ತಾರೆ. ರಂಗದ ಮುಂದೆ ಮಡಿಕೆ ಬಿಚ್ಚಿಟ್ಟು ಎಲ್ಲಿಗೋ ಹೋಗುತ್ತಾರೆ, ಸಂಜೆಗೆ ಬರುತ್ತಾರೆ, ಕುರ್ಚಿ ಇಟ್ಟಲ್ಲೇ ಇರುತ್ತದೆ. ಗುತ್ತಲದ ಬಸ್ಸಿನಲ್ಲಿ ನಾವು ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಆ ಟಾವೆಲ್ಲನ್ನು ಎತ್ತಿ ಕೂರುವವರೂ ನಮ್ಮಲ್ಲೇ ಇದ್ದಾರಲ್ಲ.

ಇನ್ನೊಂದು, ಗಾಡಿ ನಿಲ್ಲಿಸುವ ಬಯಲಿನಲ್ಲಿ ಅಲ್ಲಲ್ಲಿ ಗುಂಪು ಕಟ್ಟಿ ಬಾರಿಸುತ್ತಾರೆ. ಒಬ್ಬರಿಗೊಬ್ಬರ ಪರಿಚಯ ಇಲ್ಲ. ಲಾರಿ ಓಡಿಸುವವನು, ಹಲ್ಲು ಕೀಳುವ ಡಾಕ್ಟರು, ಅಡುಗೆ ಏಪ್ರನ್ ಕಟ್ಟಿಕೊಂಡ ಮುದುಕಿ. ಸುತ್ತ ನಿಂತು ಬಾರಿಸುತ್ತಾರೆ, ಒಬ್ಬೊಬ್ಬರಿಗೆ ಸರದಿ ಬರುತ್ತದೆ. ಸರದಿ ಬಂದವನು ಒಂದು ಹೆಜ್ಜೆ ಮುಂದೆ. ಉಳಿದವರು ದನಿ ತಗ್ಗಿಸುತ್ತಾರೆ. ಎಲ್ಲರಿಗಿಂತ ಕೆಟ್ಟದಾಗಿ ಬಾರಿಸುವವನಿಗೂ ಸರದಿ ತಪ್ಪುವುದಿಲ್ಲ.

“ಏನಲೇ ಇದು,” ಎಂದ ಮಾವ, “ಬರ್ಲಾರ್ದವಗೂ ಪಾಳಿ ಕೊಡ್ತಾರ? ಇವ್ರ ಉದ್ಧಾರಾದಂಗs.”

ಮೊದಲ ಸಂಜೆ

ವರ್ಜಿಲಜ್ಜನ ಬ್ಯಾಂಡಿಗೆ ಒಂದೇ ಮೈಕು. ಐದು ಮಂದಿ ಅದರ ಸುತ್ತ ನಿಂತಿದ್ದರು. ಯಾರ ಸರದಿಯೋ ಅವನು ಮೈಕಿನ ಹತ್ತಿರ ಬರುತ್ತಾನೆ. ಮುಗಿಸಿದವನು ಬೆನ್ನು ತಿರುಗಿಸದೆ ಹಿಂದೆ ಸರಿಯುತ್ತಾನೆ. ಬಾರಿಸುತ್ತಲೇ ಬರುತ್ತಾರೆ, ಬಾರಿಸುತ್ತಲೇ ಹೋಗುತ್ತಾರೆ. ಪಿಟೀಲಿನವನ ಕಮಾನು ಒಮ್ಮೆಯೂ ಯಾರಿಗೂ ತಾಗಲಿಲ್ಲ. ಆ ಪಿಟೀಲಿನವನ ಹೆಸರು ಡೇಲ್. ಅಜ್ಜನ ಹಳೆಯ ಶಿಷ್ಯ, ಎಷ್ಟೋ ವರ್ಷದ ಹಿಂದೆ ಜಗಳವಾಡಿ ಬಿಟ್ಟು ಹೋದವನು, ಈ ಉತ್ಸವಕ್ಕೆಂದು ಬಂದಿದ್ದಾನೆ ಎಂದು ಸುಲೋಚನಾ ಹೇಳಿದರು. ಅಜ್ಜನಿಗೂ ಅವನಿಗೂ ಮಾತಿಲ್ಲ. ಮೈಕಿನ ಮುಂದೆ ಮಾತ್ರ ಒಬ್ಬನ ಭುಜ ಇನ್ನೊಬ್ಬನಿಗೆ ದಾರಿ ಬಿಡುತ್ತಿತ್ತು.

ಕೊನೆಯಲ್ಲಿ ನಮ್ಮನ್ನೂ ಅದೇ ರಂಗಕ್ಕೆ ಕರೆದರು, ಎರಡೂ ಮೇಳ ಕೂಡಿ ಒಂದು ಹಾಡು. ಅಜ್ಜ ಬ್ಯಾಂಜೊ ಬಾರಿಸಿದ. ಜೋಳದ ಕಾಳು ಕಲ್ಲಿನ ಮೇಲೆ ಸುರಿದ ಹಾಗೆ. ಮುಗಿಸಿ ಮಾವನ ಕಡೆ ತಲೆ ಆಡಿಸಿ ಎರಡು ಹೆಜ್ಜೆ ಹಿಂದೆ ಸರಿದ.

ಮಾವ ಮೈಕಿಗೆ ನುಗ್ಗಿದ. ದಪ್ಪು ಬಡಿದು ಸವಾಲು ಹಾಕಿದ. ಒಂದು ನುಡಿ ಆಯಿತು, ಅಜ್ಜ ಮುಂದೆ ಬರಲಿಲ್ಲ, ಹಿಂದೆಯೇ ನಿಂತು ಸಣ್ಣಗೆ ತಂತಿ ಮೀಟುತ್ತಿದ್ದ. ಎರಡಾಯಿತು, ಮೂರಾಯಿತು. ಡೇಲ್ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟ, ಮಾವ ಮೊಳಕೈ ಅಡ್ಡ ಮಾಡಿದ. ನಮಗೆ ಮೈ ಝುಂ ಎಂದಿತು. ಇಲ್ಲಿನ ಲೆಜೆಂಡ್ ಜವಾಬಿಲ್ಲದೆ ಹಿಂದೆ ಸರಿದಿದ್ದಾನೆ! ನಾನೂ ಹನುಮಂತನೂ ಗಂಟಲು ಹರಿಯುವ ಹಾಗೆ ಗೀಯ ಗಾ ಎಳೆದೆವು.

ಪದ ಮುಗಿಸಿ ಮಾವ ಸೀದಾ ಅಜ್ಜನ ಹತ್ತಿರ ಹೋದ. ಬ್ಯಾಂಜೊದ ಪಟ್ಟಿಯನ್ನು ಅವನ ಕೊರಳಿನಿಂದ ಬಿಡಿಸಿ ವಾದ್ಯ ಕಸಿದುಕೊಂಡ. ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, “ಹೌದಲ್ಲೊ!” ಎಂದು ಕೂಗಿದ.

ಸುಲೋಚನಾ ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜ ಖಾಲಿ ಕೈ ನೋಡಿಕೊಂಡ, ಮಾವನನ್ನು ನೋಡಿದ, ಆಮೇಲೆ ಟೊಪ್ಪಿಗೆ ತೆಗೆದು ಸ್ವಲ್ಪ ಬಾಗಿದ. ಅವನು ಬಾಗಿದ ಮೇಲೆ ಜನ ಎದ್ದು ಚಪ್ಪಾಳೆ ತಟ್ಟಿದರು. ಅಜ್ಜನೇ ಪರದೇಶಿ ಅತಿಥಿಗೆ ವಾದ್ಯ ಕೊಟ್ಟ ಎಂದು ತಿಳಿದರು. ಯಾರೋ ಫೋಟೊ ತೆಗೆದರು.

“ಅದು ಅವರ ಜೀವ ಕಣ್ರೀ,” ಎಂದು ಸುಲೋಚನಾ ಇಳಿದ ಮೇಲೆ ಅಳುವ ದನಿಯಲ್ಲಿ ಹೇಳಿದರು. “ಯಾಕ್ ಕಿತ್ಕೊಂಡ್ರಿ?”

“ಸೋತ್ರಲ್ರೀ ಅಂವ್ರು,” ಎಂದ ಮಾವ. “ತಾವs ಹಿಂದ ಸರದ್ರು. ನಾ ಏನ ದೂಡೀನ?”

ಅಡುಗೆಮನೆಯ ಹಿಂಬಾಗಿಲು

ಮರುದಿನ ಬೆಳಿಗ್ಗೆ ಬ್ಯಾಂಜೊ ಮರಳಿ ಕೊಡಲು ಸುಲೋಚನಾ ಅವರ ಜೊತೆ ನನ್ನನ್ನು ಕಳಿಸಿದರು. ಕಸಿಯುವವನು ಮಾವ, ಮರಳಿ ಹೊರುವವನು ಹಮಾಲ.

ಲೆಜೆಂಡ್ ಎನ್ನಿಸಿಕೊಂಡವನು ಎಲ್ಲಿ ಕೂತಿದ್ದ ಗೊತ್ತೇ? ಹೋಟೆಲ್ಲಿನ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಒಬ್ಬನೇ ಬ್ರೆಡ್ಡು ತಿನ್ನುತ್ತಿದ್ದ. ಒಳಗೆ ಕರೆಂಟಿನ ಗಿಟಾರಿನ ಹುಡುಗರು ಮೇಜು ಹಿಡಿದು ನಗುತ್ತಿದ್ದರು. ಗೋಡೆಯ ತುಂಬ ಅಜ್ಜನ ಚಿತ್ರ, ಮೇಜಿನಲ್ಲಿ ಅಜ್ಜನಿಗೆ ಜಾಗ ಇಲ್ಲ. ಅಷ್ಟು ಮಟ್ಟಿಗೆ ಆ ದೇಶ ನಮ್ಮ ದೇಶದ ಹಾಗೇ ಎಂದುಕೊಂಡೆ.

ಸುಲೋಚನಾ ನಮ್ಮ ಪದ್ಧತಿ ವಿವರಿಸಿ ಕ್ಷಮೆ ಕೇಳಿದರು. ಅಜ್ಜ ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ನನ್ನ ಕಡೆ ಬೆರಳು ಮಾಡಿ ಏನೋ ಕೇಳಿದ.

“ಇವರ ಸರದಿ ಯಾವಾಗ ಅಂತ ಕೇಳ್ತಾರೆ,” ಎಂದರು ಸುಲೋಚನಾ. “ನಿನ್ನೆ ಇಡೀ ಕೇಳಿದ್ರಂತೆ, ನಿಮ್ಮ ಒಬ್ಬರ ದನಿ ಬೇರೆಯಾಗಿ ಕೇಳಿಸಲೇ ಇಲ್ಲವಂತೆ.”

ಇಷ್ಟು ವರ್ಷದಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ. “ನಾಳಿ ಕಡೀ ದಿನ,” ಎಂದೆ. “ಅವತ್ತ ನಂದೊಂದು ಪದಾ ಐತಿ ಅಂತ ಹೇಳ್ರಿ. ನಮ್ಮ ಮಾವ ಮಾತು ಕೊಟ್ಟಾರ.”

ಅಜ್ಜ ಬ್ಯಾಂಜೊ ಹೆಗಲಿಗೆ ಹಾಕಿಕೊಂಡು ಎದ್ದು ನಿಂತು ತೋರಿಸಿದ. ಹೀಗೆ ಬಾ. ಮೈಕಿನ ಮೇಲೆ ಬೀಳಬೇಡ. ಪಾದ ಇಲ್ಲಿ. ನಾನು ಹಿಂದೆ ಹೋಗುತ್ತೇನೆ, ನೀನು ಆ ಜಾಗ ತುಂಬು. ಮೆಟ್ಟಿಲ ಮುಂದಿನ ಕಲ್ಲಿನ ಮೇಲೆ ನಾವಿಬ್ಬರು ಹತ್ತಾರು ಸಲ ಮುಂದೆ ಹೋದೆವು, ಹಿಂದೆ ಬಂದೆವು. ಭಾಷೆ ಬೇಕಾಗಲಿಲ್ಲ. ಚೀಲ ಹೊರುವವರಿಗೆ ಎದುರು ಬರುವವನಿಗೆ ದಾರಿ ಬಿಟ್ಟು ಸರಿಯುವುದು ಹೊಸದಲ್ಲ; ಹಾಡಿನಲ್ಲಿ ಮಾತ್ರ ಅದನ್ನು ನಾವು ಸೋಲು ಎಂದು ಕಲಿತಿದ್ದೆವು.

ಕಡೆಯ ಸಂಜೆ

ರಂಗ ಹತ್ತುವ ಮೊದಲು ಮಾವನಿಗೆ ನೆನಪು ಮಾಡಿದೆ. “ಮಾವಾ, ಇವತ್ತ ನನ್ನ ಪದಾ.”

“ನೋಡೂಣಲೇ,” ಎಂದ.

“ನೋಡೂದೇನ? ಸ್ಟೇಶನ್ನಿನ್ಯಾಗ ಅವ್ವನ ಮುಂದ ಹೇಳೀದಿ.”

“ಆತ ಬಿಡೋ ಮಾರಾಯಾ, ಹಾಡ. ನಾ ಏನ ಬಾಯಿ ಕಟ್ಟೀನ ನಿಂದು?”

ಹನುಮಂತ ನನ್ನ ಕಿವಿಯಲ್ಲಿ, “ಫಕ್ಕೀರಣ್ಣ, ಲಗೂನ ಹಿಡಿ, ಲಗೂನ ಮುಗಸು,” ಎಂದ. ಅವನಿಗೆ ಮಾವನ ಗುಣ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಜ್ಜ ಬಾರಿಸಿದ, ಡೇಲ್ ಬಾರಿಸಿದ. ಅಜ್ಜ ನನ್ನನ್ನು ನೋಡಿ ತಲೆ ಆಡಿಸಿ ಹಿಂದೆ ಸರಿದ. ನಾನು ಕಲ್ಲಿನ ಮೇಲೆ ಕಲಿತ ಹಾಗೆ ಹೆಜ್ಜೆ ಇಟ್ಟು ಆ ಜಾಗ ತುಂಬಿದೆ. ತುಂತುಣಿ ಮೀಟಿದೆ. ಕೆಂಪಾನ ಸೀರಿ ಉಟ್ಟಾಳ ಎಂದು ಎತ್ತಿದೆ. ನನ್ನ ದನಿ ಮೈಕಿನಿಂದ ಹೊರಟು ಎದುರಿನ ಗುಡ್ಡಕ್ಕೆ ತಾಗಿ ನನ್ನ ಕಿವಿಗೇ ಮರಳಿ ಬಂತು. ನನ್ನ ದನಿ ಹೀಗಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಒರಟು, ಆದರೆ ಕೆಟ್ಟದ್ದಲ್ಲ. ಅಜ್ಜನ ತಂತಿ ಹಿಂದಿನಿಂದ ಸಣ್ಣಗೆ ಆಸರೆ ಕೊಡುತ್ತಿತ್ತು.

ಮೊದಲ ನುಡಿ ಮುಗಿಯಿತು. ‘ಯಾವೂರಾಕಿ ಹೇಳೊ ಶಾಹೀರಾ’ ಎಂದು ಎರಡನೆಯದಕ್ಕೆ ಉಸಿರು ಹಿಡಿದೆ.

ಪಕ್ಕದಲ್ಲಿ ದಪ್ಪು ಸಿಡಿಯಿತು. ಮಾವ ಭುಜದಿಂದ ನನ್ನನ್ನು ಒತ್ತರಿಸಿ ಮೈಕಿಗೆ ಬಂದು ಹಾಡಿನಲ್ಲೇ ಜವಾಬು ಕೊಟ್ಟ: ಇಷ್ಟಕ್ಕs ಇಷ್ಟು ಸಡಗರವೇನೋ ಹುಡುಗಾ, ಬ್ಯಾಡಗಿ ಮೆಣಸಿನಕಾಯಿ ಇದು, ಹಿಂದ ಸರೀ, ಹಿಂದ ಸರೀ.

ಎದುರು ಮೇಳದವನಿಗೆ ಕೊಡುವ ಹಾಗೆ ಕೊಟ್ಟ, ಸ್ವಂತ ಅಕ್ಕನ ಮಗನಿಗೆ. ಮುಂದೆ ನಿಲ್ಲಿಸುತ್ತೇನೆ ಎಂದು ತಾನು ಯಾರಿಗಾಗಿ ಮಾತು ಕೊಟ್ಟಿದ್ದನೋ ಅವನಿಗೆ. ಜವಾಬು ಬಂದ ಮೇಲೆ ಸವಾಲು ಸತ್ತ ಹಾಗೆ. ಉಳಿದ ಆರು ನುಡಿ ನನ್ನ ಬಾಯಲ್ಲೇ ಉಳಿದವು. ಕಾಲು ತಾವಾಗಿಯೇ ಹಿಂದೆ ಹೋದವು. ಹಳೆಯ ಜಾಗ ಅವಕ್ಕೆ ಗೊತ್ತಿತ್ತು.

ಜನ ಚಪ್ಪಾಳೆ ತಟ್ಟಿದರು. ಅವರಿಗೆ ಏನು ಗೊತ್ತು, ಮಾವ ಅಳಿಯ ಕೂಡಿ ಚೆಂದ ಹಾಡಿದರು ಎಂದುಕೊಂಡರು. ಆ ಇಡೀ ಬಯಲಿನಲ್ಲಿ ಏನಾಯಿತೆಂದು ತಿಳಿದದ್ದು ನಮಗೆ ಮೂವರಿಗೆ, ಮತ್ತು ಸುಲೋಚನಾ ಅವರಿಗೆ. ಅಜ್ಜನಿಗೂ ತಿಳಿಯಿತು. ಅವನು ಮಾತು ಕೇಳುತ್ತಿರಲಿಲ್ಲ, ಪಾದ ನೋಡುತ್ತಿದ್ದ. ಅವನ ಕೈ ತಂತಿಯ ಮೇಲೆ ನಿಂತುಹೋಗಿತ್ತು. ಆ ಹಾಡು ಮುಗಿಯುವವರೆಗೆ ಅವನು ಮತ್ತೆ ಬಾರಿಸಲಿಲ್ಲ.

ರಂಗದ ಹಿಂದೆ ಅಜ್ಜ ನನ್ನ ಹತ್ತಿರ ಬಂದು ನಿಂತ. ದೂರದಲ್ಲಿ ಡೇಲ್ ಪಿಟೀಲನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಅವನನ್ನು ತೋರಿಸಿ ಅಜ್ಜ ನಿಧಾನ ಹೇಳಿದ, ಸುಲೋಚನಾ ಹೇಳಿದರು:

“ಅವನು ಇವರನ್ನ ಬಿಟ್ಟು ಹೋಗಿದ್ದು ಇದಕ್ಕೇ ಅಂತೆ. ಆಗ ಇವರೂ ಮೈಕ್ ಬಿಡ್ತಿರಲಿಲ್ಲವಂತೆ. ಅವನ ಮುಂದೇನೇ ನಿಂತಿದ್ರಂತೆ ವರ್ಷಗಟ್ಟಲೆ. ಅವನು ಹೋದ, ಆಮೇಲೆ ಒಬ್ಬೊಬ್ಬರೇ ಎಲ್ಲರೂ ಹೋದ್ರು. ಬೆನ್ನ ಹಿಂದೆ ಯಾರೂ ಇಲ್ಲದ ಮೇಲೆ ಹಿಂದೆ ಸರಿಯೋದು ಕಲಿತೆ ಅಂತಾರೆ. ಅದನ್ನೇ ಈಗ ಜನ ದೊಡ್ಡತನ ಅಂತ ಬರೀತಾರಂತೆ.”

ನಾನು ಕ್ಯಾಸೆಟ್ಟಿನವನ ಮಾತನ್ನು ನೆನೆದೆ. ಅಷ್ಟೂ ಯಜಮಾನರು ಅವನು ಬೆಳೆಸಿದವರಲ್ಲ, ಅವನಿಂದ ನೊಂದು ಹೋದವರು. ಅಳತೆ ಸಿಕ್ಕಿತು ಎಂದುಕೊಂಡಿದ್ದೆ, ಅದೂ ಕೈ ಜಾರಿತು. ಆದರೆ ಒಂದು ಮಾತಿದೆ. ಅಜ್ಜ ಅದನ್ನು ಬಾಯಿಬಿಟ್ಟು ಹೇಳಿದ. ನಮ್ಮ ಮಾವ ಹೇಳಿದ್ದು ಬೇರೆ.

“ಹುಡುಗಾ, ಬೇಜಾರ ಮಾಡ್ಕೋಬ್ಯಾಡ,” ಎಂದ ವಿಮಾನದಲ್ಲಿ. “ಸವಾಲಂದ ಮ್ಯಾಲೆ ಜವಾಬು ಬೇಕಲ್ಲ. ಆ ಬಿಳೇ ಮಂದಿಗೆ ಯಾರಿಗೆ ಬರತಿತ್ತು? ನಿನ್ನ ಮಾನಾ ಉಳಿಸೇನಿ ನಾ.”



ಮತ್ತೆ ಬ್ಯಾಡಗಿ, ಆಮೇಲೆ ಗುತ್ತಲ

ಸ್ಟೇಶನ್ನಿನಲ್ಲಿ ಬ್ಯಾಂಡಿನವರು, ಹಾರ, ಗುಲಾಲು. ಫೋಟೊ ನಮಗಿಂತ ಮೊದಲೇ ಬಂದು ಪೇಪರಿನಲ್ಲಿ ಅಚ್ಚಾಗಿತ್ತು: ಮಾವ ಬ್ಯಾಂಜೊ ಎತ್ತಿ ನಿಂತಿದ್ದಾನೆ, ಅವನ ತೋಳಿನ ಸಂದಿಯಲ್ಲಿ ನನ್ನ ಅರ್ಧ ಮುಖ. ಗದ್ದಲದಲ್ಲಿ ಅವ್ವ ನನ್ನ ಹತ್ತಿರ ಬಂದು ಆ ಮೂರನೆಯ ಮಾತು ಕೇಳಿದಳು.

“ನಿನ್ನ ಪದಾ ಹಾಡಿದೇನೋ ಯಪ್ಪಾ?”

ನಾನು ಬಾಯಿ ತೆರೆಯುವ ಮೊದಲು ಮಾವ ಹಾರದೊಳಗಿನಿಂದ ಕೂಗಿದ: “ಹಾಡಿದ್ನಕ್ಕಾ! ನಾನs ಜವಾಬು ಕೊಟ್ಟೆ!”

ಆಮೇಲೆ ಅವನು ಹೋದ ಹೋದ ಊರಿನಲ್ಲಿ ಅಮೆರಿಕದ ಕಥೆ ಹೇಳಿದ. ಅಲ್ಲಿನ ಲೆಜೆಂಡನ್ನು ಹೇಗೆ ಹಿಂದೆ ಸರಿಸಿದೆ ಎಂದು ಹೇಳಿದ, ನನ್ನ ನುಡಿಯನ್ನೂ ತನ್ನ ಜವಾಬನ್ನೂ ಸೇರಿಸಿ ಹಾಡಿದ. ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಮಕ್ಕಳು ಕೂಡ ಮೊದಲ ಸಾಲಿಗೇ ಉತ್ತರ ಕೂಗುತ್ತಿದ್ದರು. ಆ ಪದವನ್ನು ನಾನು ಮತ್ತೆ ಎಲ್ಲೂ ಹಾಡಲಿಲ್ಲ.

ನಾನು ಮಾವನನ್ನು ಬಿಟ್ಟು ದಪ್ಪು ಹಿಡಿದು ನನ್ನದೇ ಮೇಳ ಕಟ್ಟಿದೆ. ಹನುಮಂತ ನನ್ನ ಹಿಂದೆ ಬಂದ. ಒಂದು ಬೇಸಿಗೆ ಗುತ್ತಲದಲ್ಲಿ ಎರಡು ಮೇಳ ಎದುರಾದವು, ಒಂದು ನನ್ನದು, ಇನ್ನೊಂದು ಮಾವನದು. ಮಾವ ಸವಾಲು ಹಾಕಿದ. ಜವಾಬು ನನಗೆ ಗೊತ್ತಿತ್ತು. ಹಿಂದೆ ತಿರುಗಿ ನೋಡಿದೆ. ಹನುಮಂತನ ಮುಖ ನೋಡಿದರೆ ಅವನಿಗೂ ಗೊತ್ತಿತ್ತು. ನಾನು ವರ್ಜಿಲಜ್ಜನ ಹಾಗೆ ಅವನ ಕಡೆ ತಲೆ ಆಡಿಸಿ ಎರಡು ಹೆಜ್ಜೆ ಹಿಂದೆ ಸರಿದೆ.

ಸಿಳ್ಳೆ ಬಿತ್ತು. “ಸೋತ! ಫಕ್ಕೀರ ಸೋತ!” ಹಮಾಲರೇ ಕೂಗಿದರು. ಹನುಮಂತ ಒಂದು ಗಳಿಗೆ ಗಾಬರಿಯಾದ, ಆಮೇಲೆ ನಾನು ಬಿಟ್ಟ ಜಾಗಕ್ಕೆ ಬಂದು ನಿಂತು ಜವಾಬು ಎತ್ತಿದ. ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಮಾವ ಸೀದಾ ನನ್ನ ಹತ್ತಿರ ಬಂದ. ಕಣ್ಣಲ್ಲಿ ಕಣ್ಣಿಟ್ಟು ನೋಡಿ ದಪ್ಪಿಗೆ ಕೈ ಹಾಕಿದ. ನಾನು ಎಳೆದಾಡಲಿಲ್ಲ. ಕೊಟ್ಟೆ. ತಲೆಯ ಮೇಲಿನ ಟಾವೆಲ್ ತೆಗೆದು ಸ್ವಲ್ಪ ಬಾಗಿದೆ. ಅದನ್ನು ಎಲ್ಲಿ ನೋಡಿದ್ದೆ ಎಂದು ನೆನಪಿಸಿಕೊಳ್ಳುತ್ತಿರುವ ಹಾಗೆ ಮಾವ ಒಂದು ಕ್ಷಣ ನಿಂತ. ಆಮೇಲೆ ದಪ್ಪು ಎತ್ತಿ, “ಹೌದಲ್ಲೊ!” ಎಂದ. ಹನುಮಂತ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದ.

ನನ್ನ ದಪ್ಪು ಮಾವನ ಪಡಸಾಲೆಯಲ್ಲಿ ಆ ಫೋಟೊದ ಪಕ್ಕದಲ್ಲಿ ತೂಗುತ್ತಿದೆ. ಗುತ್ತಲದಲ್ಲಿ ಸೋತವನೆಂದು ನನ್ನ ಮೇಳವನ್ನು ಯಾರೂ ಕರೆಯುವುದಿಲ್ಲ. ಹನುಮಂತನಿಗೆ ಈಗ ಕರ್ಜಗಿಯಲ್ಲಿ ತನ್ನದೇ ಮೇಳ ಇದೆ, ಹಿಂದೆ ಮೂವರು ನಿಲ್ಲುತ್ತಾರೆ ಎಂದು ಕೇಳಿದ್ದೇನೆ. ನಾನು ದಿನಾ ಮಾರ್ಕೆಟ್ಟಿಗೆ ಹೋಗುತ್ತೇನೆ, ಚೀಲ ಹೊರುತ್ತೇನೆ. ಬೆನ್ನ ಹಿಂದೆ ಯಾರೂ ಇಲ್ಲ.